ಆಕೃತಿಯಿಲ್ಲದ ಚಿತ್ರದಲ್ಲಿ ವಿನಾಶ

ಪ್ರಶ್ನೆ: ಬಿದ್ದ ಮನೆಯಾಗಲಿ ಗಾಯಗೊಂಡ ಮನುಷ್ಯನಾಗಲಿ ಕಾಣಿಸದ ಅಮೂರ್ತಚಿತ್ರವು ವಿನಾಶದ ಭಾವವನ್ನು ಹೇಗೆ ಹುಟ್ಟಿಸುತ್ತದೆ? (ಓದುಗರೊಬ್ಬರು, ದೇರೆಬೈಲ್, ಮಂಗಳೂರು)

ಉತ್ತರ: ಯಕ್ಷಗಾನದ ಯುದ್ಧಸನ್ನಿವೇಶದಲ್ಲಿ ಭಾಗವತರ ಪದ ನಿಂತ ಮೇಲೂ ಚೆಂಡೆಯ ಪೆಟ್ಟುಗಳೇ, ಒಂದು ಮಾತಿನ ನೆರವೂ ಇಲ್ಲದೆ, ಪ್ರೇಕ್ಷಕನ ಎದೆಯಲ್ಲಿ ರಣಭೀತಿಯನ್ನು ಎಬ್ಬಿಸುವಂತೆ, ಅಮೂರ್ತಚಿತ್ರದಲ್ಲಿ ರೇಖೆ, ವರ್ಣ, ಅವಕಾಶಗಳು ನೇರವಾಗಿ ಇಂದ್ರಿಯಗಳೊಡನೆ ವ್ಯವಹರಿಸುತ್ತವೆ. ಭೂಮಿಯ ಸೆಳೆತಕ್ಕೆ ಒಗ್ಗಿದ ನಮ್ಮ ಕಣ್ಣಿಗೆ ಅಡ್ಡಗೆರೆಯು ವಿಶ್ರಾಂತಿಯನ್ನೂ ನೆಟ್ಟನೆಯ ಗೆರೆಯು ಸ್ಥೈರ್ಯವನ್ನೂ ಸೂಚಿಸುವುದರಿಂದ, ಓರೆಗೆರೆಯು ಬೀಳುತ್ತಿರುವ ವಸ್ತುವಿನಂತೆ ತೋರುತ್ತದೆ. ಅಂತಹ ಗೆರೆಗಳು ಪರಸ್ಪರ ಛೇದಿಸಿ ತುಂಡಾಗಿ, ಕಪ್ಪು ಕೆಂಪುಗಳು ಒಂದರ ಮೇಲೊಂದು ಎರಗಿದಾಗ, ದೃಷ್ಟಿಯು ನೆಲೆಗಾಣದೆ ಅಲೆಯುತ್ತದೆ. ಆ ಅಲೆದಾಟವನ್ನೇ ಮನಸ್ಸು ಕ್ಷೋಭೆಯೆಂದು ಅನುಭವಿಸುತ್ತದೆ.

ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಚಿತ್ರಕಾರ ಕೆ. ಕೆ. ಹೆಬ್ಬಾರರು ಕೆಲವೇ ಗೆರೆಗಳಲ್ಲಿ ನರ್ತನದ ಚಲನೆಯನ್ನು ಹಿಡಿದದ್ದೂ ರೇಖೆಯ ಈ ಶಕ್ತಿಯಿಂದಲೇ. ಬಾಂಬುದಾಳಿಗೆ ತುತ್ತಾದ ಊರನ್ನು ಕುರಿತು ಪಿಕಾಸೋ 1937ರಲ್ಲಿ ರಚಿಸಿದ ‘ಗೆರ್ನಿಕಾ’ವು ಪೂರ್ಣ ಅಮೂರ್ತವಲ್ಲವಾದರೂ, ಕಪ್ಪು, ಬಿಳುಪು, ಬೂದುಬಣ್ಣಗಳ ಅದರ ಸೀಳಿದ ಆಕಾರಗಳ ಹಿಂದೆ ಒಂದು ತ್ರಿಕೋನವಿನ್ಯಾಸವು ಅಡಗಿದೆ. ಬಣ್ಣವನ್ನು ಮನಬಂದಂತೆ ಎರಚಿದ ಮಾತ್ರಕ್ಕೆ ವಿನಾಶದ ಚಿತ್ರವಾಗದು. ಒಳಗೊಂದು ಕಟ್ಟು ಇಲ್ಲವಾದರೆ ನೋಡುಗನ ಕಣ್ಣು ಕ್ಷೋಭೆಗೊಳ್ಳುವ ಮುನ್ನವೇ ದಣಿದು ಚಿತ್ರವನ್ನು ಬಿಟ್ಟುಹೋಗುತ್ತದೆ.