ಅಂಗುಲದೆತ್ತರದ ಯೋಧ

ಪ್ರಾಯ ಕಳೆದವರು ಬೊಂಬೆಗಳೊಡನೆ ಹೊತ್ತು ಕಳೆಯುವುದು ಶೋಭಿಸದೆಂಬ ಮಾತನ್ನು ಬಹಳ ಸಲ ಕೇಳಿದ್ದೇನೆ. ಮಾತು ನಿಜವಿರಬಹುದು. ಆದರೂ ಬಿಡುವಾದಾಗಲೆಲ್ಲ ನಾನು ಗಾಬ್ಲಿನ್‌ಗಳಿಗೆ ಬಣ್ಣ ಹಚ್ಚುತ್ತೇನೆ. ಗಾಬ್ಲಿನ್ ಎಂದರೆ ಪಶ್ಚಿಮದ ಅಜ್ಜಿಕತೆಗಳ ಕುಳ್ಳು ಪಿಶಾಚಿ. ನನ್ನ ಬಳಿಯಿರುವವರಿಗೆ ಹಸುರು ಮೈ, ಮೊನೆಯಾದ ಮೂಗು, ಬಾಯ್ತುಂಬ ಕೋರೆಹಲ್ಲು. ಮೇಜಿನ ಮೇಲೆ ಆಡುವ ಯುದ್ಧದಾಟದ ಪ್ಲಾಸ್ಟಿಕ್ ಸಿಪಾಯಿಗಳು ಇವರು. ಆ ಆಟದಲ್ಲಿ ಮನುಷ್ಯನ ಆಳೆತ್ತರವನ್ನು ಸುಮಾರು 28 ಮಿಲಿಮೀಟರ್ ಎಂದು ಹಿಡಿಯುವುದು ವಾಡಿಕೆ. ಗಾಬ್ಲಿನ್ ಅದಕ್ಕಿಂತಲೂ ಗಿಡ್ಡ.

ಯುದ್ಧವನ್ನು ಆಟವಾಗಿಸುವುದು ಹೊಸತೇನೂ ಅಲ್ಲ. ನಮ್ಮ ಚತುರಂಗವೂ ಆನೆ, ಕುದುರೆ, ರಥ, ಪದಾತಿಗಳ ಸೇನೆಯೇ ಅಷ್ಟೆ. ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಜ್ 1824ರಲ್ಲಿ ನಕ್ಷೆಯ ಮೇಲೆ ಆಡುವ ಯುದ್ಧದಾಟವೊಂದರ ನಿಯಮಗಳನ್ನು ಪ್ರಕಟಿಸಿದನು. ಅಧಿಕಾರಿಗಳ ಶಿಕ್ಷಣಕ್ಕೆ ಬಳಕೆಯಾದ ಆ ಆಟದಲ್ಲಿ ಒಂದು ದಳವೆಂದರೆ ಒಂದು ಬಣ್ಣದ ತುಂಡು, ಅದಕ್ಕೆ ಮುಖವಿಲ್ಲ. 1913ರಲ್ಲಿ ಎಚ್. ಜಿ. ವೆಲ್ಸ್ ‘ಲಿಟಲ್ ವಾರ್ಸ್’ ಎಂಬ ಪುಸ್ತಕವನ್ನು ಬರೆದು, ಆಟಿಕೆಯ ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿ, ಮರದ ಗುಂಡು ಹಾರಿಸುವ ಪುಟ್ಟ ಫಿರಂಗಿಗಳಿಂದ ಕೆಡಹುವ ಕ್ರಮವನ್ನು ವಿವರಿಸಿದನು. 1983ರಲ್ಲಿ ಇಂಗ್ಲೆಂಡಿನಿಂದ ‘ವಾರ್‌ಹ್ಯಾಮರ್’ ಹೊರಬಂದ ಮೇಲೆ ಕಟ್ಟುಕತೆಯ ಪಡೆಗಳು ಈ ಕಣದಲ್ಲಿ ಹೆಸರಾದವು.

ಬೊಂಬೆ ಬರುವುದು ಬಿಡಿ ಅಂಗಗಳಾಗಿ. ಚೌಕಟ್ಟಿನಿಂದ ಕತ್ತರಿಸಿ, ಅಚ್ಚಿನ ಗೆರೆಗಳನ್ನು ಕೆರೆದು, ಅಂಟು ಹಾಕಿ ಜೋಡಿಸಬೇಕು. ಮೊದಲು ಮೈಯೆಲ್ಲ ಕಪ್ಪು ಅಸ್ತರಿ. ಅದಿಲ್ಲದಿದ್ದರೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಆಮೇಲೆ ಚರ್ಮಕ್ಕೆ ಹಸುರು, ಅಂಗಿಗೆ ಕಾವಿ, ಈಟಿಯ ಅಲಗಿಗೆ ಬೆಳ್ಳಿ. ಬಣ್ಣಕ್ಕೆ ನೀರು ಬೆರೆಸಿ ತೆಳುವಾಗಿ ಎರಡು ಸಲ ಹಚ್ಚಬೇಕು. ಅವಸರಪಟ್ಟು ಒಮ್ಮೆಗೇ ದಪ್ಪವಾಗಿ ಮೆತ್ತಿದರೆ ಕೆತ್ತನೆಯ ಸೂಕ್ಷ್ಮವೆಲ್ಲ ಮುಚ್ಚಿಹೋಗುತ್ತದೆ.

ಇಷ್ಟಾದರೂ ಬೊಂಬೆಗೆ ಜೀವ ಬರುವುದಿಲ್ಲ. ಕಾರಣ ವಿಚಿತ್ರವಾದುದು. ಅಂಗುಲದೆತ್ತರದ ದೇಹದ ಮೇಲೆ ಬೀಳುವ ಬೆಳಕು ನಮ್ಮ ಕಣ್ಣಿಗೆ ಸಾಲುವಷ್ಟು ನೆರಳನ್ನು ಮೂಡಿಸಲಾರದು. ಆದುದರಿಂದ ಪ್ರಕೃತಿ ಕೊಡದ ನೆರಳನ್ನು ಕುಂಚವೇ ಕೊಡಬೇಕು. ಕಡುಬಣ್ಣದ ತಿಳಿನೀರನ್ನು ಮೈಮೇಲೆ ಹರಿಸಿದರೆ ಅದು ಬಟ್ಟೆಯ ನೆರಿಗೆಗಳಲ್ಲಿ, ಬೆರಳ ಸಂದುಗಳಲ್ಲಿ ಇಳಿದು ನಿಲ್ಲುತ್ತದೆ. ಒಣಗಿದ ಬಳಿಕ, ಬಣ್ಣವನ್ನು ಬಹುಪಾಲು ಒರೆಸಿಬಿಟ್ಟ ಕುಂಚವನ್ನು ಮೇಲುಮೇಲೆ ಆಡಿಸಿದರೆ ಉಬ್ಬಿದ ಭಾಗಗಳಷ್ಟೇ ಬೆಳಗುತ್ತವೆ. ಸರಪಳಿಯ ಕವಚದ ಒಂದೊಂದು ಬಳೆಯೂ ಆಗ ಎದ್ದು ಕಾಣುತ್ತದೆ. ಸತ್ಯವಾಗಿ ಕಾಣಬೇಕಾದರೆ ಸ್ವಲ್ಪ ಅತಿಶಯೋಕ್ತಿ ಬೇಕೆಂಬುದನ್ನು ಕಾವ್ಯದ ಓದುಗರಿಗೆ ನಾನು ಹೇಳಬೇಕೆ?

ಉಳಿದದ್ದು ಕಣ್ಣು. ಉಸಿರು ಬಿಗಿಹಿಡಿದು, ಎರಡು ಮಣಿಕಟ್ಟುಗಳನ್ನೂ ಒಂದಕ್ಕೊಂದು ಆನಿಸಿ, ಸಾಸಿವೆಗಿಂತ ಚಿಕ್ಕ ಚುಕ್ಕೆಗಳೆರಡನ್ನು ಇಡುತ್ತೇನೆ. ಜೊತೆಗೆ ಆಡುವ ಹುಡುಗನೊಬ್ಬ ಒಮ್ಮೆ ಕೇಳಿದ: “ಮೊದಲನೆಯ ಸಾಲಿನವರು ಹೇಗೂ ಮೊದಲು ಸಾಯುವವರು. ಅವರಿಗೇಕೆ ಸಾರ್, ಕಣ್ಣು?”

ಪ್ರಶ್ನೆ ಸಣ್ಣದಲ್ಲ. ದಾಳ ಉರುಳಿತೆಂದರೆ ಗಾಬ್ಲಿನ್‌ಗಳನ್ನು ಹಿಡಿಹಿಡಿಯಾಗಿ ಎತ್ತಿ ಪಕ್ಕಕ್ಕಿಡುತ್ತೇವೆ. ಎರಡು ಸಂಜೆಗಳ ಶ್ರಮ ಒಂದು ಗಳಿಗೆಯೂ ನಿಲ್ಲುವುದಿಲ್ಲ. ಆದರೂ ಒಂದು ಸಂಗತಿಯನ್ನು ಗಮನಿಸಿದ್ದೇನೆ: ನಾನೇ ಕಣ್ಣಿಟ್ಟವನನ್ನು ಎತ್ತಿಡುವಾಗ ಕೈ ಕೊಂಚ ತಡೆಯುತ್ತದೆ. ಬಣ್ಣದ ತುಂಡಾಗಿದ್ದರೆ ತಡೆಯುತ್ತಿತ್ತೇ? ಲೆಕ್ಕದಲ್ಲಿ ಒಂದಾಗಿದ್ದವನು ಕುಂಚದ ತುದಿಯಲ್ಲಿ ಒಬ್ಬನಾಗಿದ್ದಾನೆ. ಹುಡುಗನಿಗೆ ನಾನು ಕೊಟ್ಟ ಉತ್ತರವೂ ಇಷ್ಟೇ: ಮೊದಲು ಸಾಯುವವನಿಗೇ ಕಣ್ಣು ಮೊದಲು ಬೇಕು.

ತನ್ನ ಪುಟ್ಟ ಯುದ್ಧವನ್ನು ಆಡಿದವರಿಗೆ ನಿಜವಾದ ಮಹಾಯುದ್ಧ ಎಂಥ ಅವಿವೇಕವೆಂದು ತಿಳಿದೀತೆಂದು ವೆಲ್ಸ್ ನಂಬಿದ್ದನು. ಅವನ ಪುಸ್ತಕ ಬಂದ ಮರುವರ್ಷವೇ, 1914ರಲ್ಲಿ, ಯುರೋಪು ಹೊತ್ತಿ ಉರಿಯಿತು. ಬೊಂಬೆಗಳು ಯುದ್ಧವನ್ನು ತಡೆಯಲಾರವೆಂಬುದು ಅಂದೇ ಸಿದ್ಧವಾಯಿತು. ನಾನೂ ಅಂಥ ದೊಡ್ಡ ಆಸೆಯನ್ನು ಇಟ್ಟುಕೊಂಡಿಲ್ಲ. ನಕ್ಷೆಯ ಮೇಲಿನ ತುಂಡುಗಳನ್ನು ಸರಿಸುವ ಕೈಗಳು ಲೋಕದಲ್ಲಿ ಬೇಕಾದಷ್ಟಿವೆ. ಒಂದೊಂದು ತುಂಡಿಗೂ ಒಂದು ಮುಖವುಂಟೆಂದು ನೆನೆಯುವ ಕೈಗಳೂ ಕೆಲವಾದರೂ ಇರಲಿ.