ತಾತನ ರಿವಾಲ್ವರ್‌ಗೆ ಗುಂಡು ಸಿಗುತ್ತದೆಯೇ?



ಟ್ರಂಕಿನಲ್ಲಿ ತಾತನ ಕಾಲದ ಪುಟ್ಟ ರಿವಾಲ್ವರ್ ಇದೆ, ಅದಕ್ಕೆ ಈಗಲೂ ಗುಂಡು ಸಿಗುತ್ತದೆಯೇ ಎಂದು ಮೊನ್ನೆ ಒಬ್ಬರು ಫೋನಿನಲ್ಲಿ ಕೇಳಿದರು. ಹಾಡು ಹಾಕುವ ಅವಸರದಲ್ಲಿ ನಾನು ನಕ್ಕು ಮುಂದೆ ಹೋಗಿಬಿಟ್ಟೆ. ಆದರೆ ಅದು ನಗುವ ಪ್ರಶ್ನೆಯಲ್ಲ.

ಇಂಥ ಪುಟ್ಟ ರಿವಾಲ್ವರುಗಳಲ್ಲಿ ಹೆಸರಾದದ್ದು .32. ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ 1896ರಲ್ಲಿ ಆರು ಗುಂಡಿನ ಸಣ್ಣ ರಿವಾಲ್ವರನ್ನೂ ಅದಕ್ಕೆ ‘.32 ಲಾಂಗ್’ ಎಂಬ ಕಾಡತೂಸನ್ನೂ ತಂದಿತು. ಅದೇ ವರ್ಷ ನ್ಯೂಯಾರ್ಕ್ ಪೊಲೀಸರಿಗೆ ಕೋಲ್ಟ್ ಕಂಪನಿಯ .32 ಕೊಡಿಸಿದವರು ಥಿಯೊಡೋರ್ ರೂಸ್‌ವೆಲ್ಟ್. ಆಗ ಅವರು ಅಲ್ಲಿನ ಪೊಲೀಸ್ ಮಂಡಳಿಯ ಮುಖ್ಯಸ್ಥರು, ಮುಂದೆ ದೇಶದ ಅಧ್ಯಕ್ಷರಾದರು. ಎದುರಾಳಿಯ ಹೆಸರನ್ನು ತನ್ನ ನಳಿಕೆಯ ಮೇಲೆ ಕೆತ್ತಲು ಕೋಲ್ಟ್‌ಗೆ ಮನಸ್ಸಾಗಲಿಲ್ಲ. ಮುಂದೆ ಅದೇ ಕಾಡತೂಸಿಗೆ ಚಪ್ಪಟೆ ಮೂತಿಯ ಗುಂಡು ಕೂರಿಸಿ ‘ಕೋಲ್ಟ್ ನ್ಯೂ ಪೊಲೀಸ್’ ಎಂದು ಕರೆಯಿತು. ಸವತಿ ಮತ್ಸರ ಕಾರ್ಖಾನೆಗಳಿಗೂ ಉಂಟು!

1950ರಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿಯೇ ಸಣ್ಣ ರಿವಾಲ್ವರಿನಲ್ಲಿ ಐದು .38 ಸ್ಪೆಷಲ್ ಕಾಡತೂಸು ಹಿಡಿಸಿತು. ಆರಕ್ಕಿಂತ ಒಂದು ಕಡಿಮೆಯಾದರೂ ಏಟು ಬಲವಾಗಿತ್ತು. ತವರಿನಲ್ಲಿ .32 ಮೂಲೆಗುಂಪಾಯಿತು.

ಉಳಿದದ್ದು ನಮ್ಮಲ್ಲಿ. ಸೇನೆ ಬಳಸುತ್ತಿದ್ದ .38, .455ರಂಥವನ್ನು ನಮ್ಮ ಕಾನೂನು ನಾಗರಿಕರಿಂದ ದೂರವಿಟ್ಟಿದ್ದರಿಂದ, ಲೈಸೆನ್ಸ್ ಪಡೆದವರ ಕೈಗೆ ಬಂದದ್ದು .32. ಕಾನ್ಪುರದಲ್ಲಿ ಬ್ರಿಟಿಷರ ವೆಬ್ಲಿ ಮಾದರಿಯಲ್ಲಿ .32 ರಿವಾಲ್ವರ್ ತಯಾರಾಯಿತು. 2014ರಲ್ಲಿ ಅರ್ಧ ಕಿಲೋ ತೂಕದ ‘ನಿರ್ಭೀಕ್’ ಬಂತು. ಪುಣೆಯ ಕೇಳುಗರಿಗೆ ಖಡ್ಕಿ ಗೊತ್ತಲ್ಲ? ಅಲ್ಲಿನ ಮದ್ದುಗುಂಡಿನ ಕಾರ್ಖಾನೆ ಈ ಕಾಡತೂಸನ್ನು ತಯಾರಿಸಿದೆ.

ಹಾಗೆಂದು ‘.32’ ಎಂದು ಬರೆದದ್ದೆಲ್ಲ ಒಂದೇ ಅಲ್ಲ, ಅಪಾಯವಿರುವುದು ಇಲ್ಲಿಯೇ. 1878ರ ಗಿಡ್ಡ .32 ಸ್ಮಿತ್ ಅಂಡ್ ವೆಸನ್ ಕಾಡತೂಸು ಲಾಂಗ್ ರಿವಾಲ್ವರಿನಲ್ಲಿ ಸರಿಯಾಗಿ ಕೂರುತ್ತದೆ. ‘.32 ಲಾಂಗ್ ಕೋಲ್ಟ್’ ಎಂಬುದು ಹೆಸರಿನಲ್ಲಷ್ಟೇ ನೆಂಟ, ಅಳತೆಯೇ ಬೇರೆ. ಪಿಸ್ತೂಲಿನ .32 ಕಾಡತೂಸಂತೂ ಸಿಲಿಂಡರಿನೊಳಗೆ ಹೊಕ್ಕೀತು, ಆದರೆ ಅದರ ಒತ್ತಡವನ್ನು ನೂರು ವರ್ಷದ ಉಕ್ಕು ತಡೆಯದೆ ಹೋಗಬಹುದು. ಸಿಡಿದರೆ ಹೋಗುವುದು ಹಿಡಿದವರ ಕೈ.

ಇನ್ನು ಟ್ರಂಕಿನ ವಿಷಯ. ತಾತನ ಲೈಸೆನ್ಸ್ ತಾತನ ಹೆಸರಿನದು, ಮೊಮ್ಮಕ್ಕಳಿಗೆ ತಾನಾಗಿ ಬರುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಂಥ ಆಯುಧವನ್ನು ತಡಮಾಡದೆ ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ವ್ಯಾಪಾರಿಯ ಬಳಿಯೋ ಒಪ್ಪಿಸಬೇಕು. ಉಳಿಸಿಕೊಳ್ಳುವ ಆಸೆಯಿದ್ದರೆ ಆಮೇಲೆ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು.

ಫೋನ್ ಮಾಡಿದವರೇ, ಗುಂಡು ಹುಡುಕುವ ಮೊದಲು ಠಾಣೆಗೊಂದು ಮಾತು ತಿಳಿಸಿ. ಅಂದು ಅರ್ಧಕ್ಕೆ ಬಿಟ್ಟ ಉತ್ತರ ಇದು.