ವ್ಯವಸಾಯದ ತರಗತಿಯಲ್ಲಿ ಮಕ್ಕಳು ನಿಲ್ಲುವುದೆಂತು?

ಮಕ್ಕಳಿಗೆ ವ್ಯವಸಾಯವನ್ನು ಶಾಲೆಯಲ್ಲಿಯೇ ಕಲಿಸಬೇಕೆಂಬ ಮಾತು ನಮ್ಮ ದೇಶದಲ್ಲಿ ಹೊಸದಲ್ಲ. 1937 ರಲ್ಲಿ ವಾರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಳನವು ಮಹಾತ್ಮಾ ಗಾಂಧಿಯವರ ಅಭಿಪ್ರಾಯದಂತೆ ಕೈಕಸಬನ್ನು ವಿದ್ಯೆಯ ನಡುಗಂಬವಾಗಿಸಬೇಕೆಂದಿತು. 1966 ರಲ್ಲಿ ಕೊಠಾರಿ ಆಯೋಗವು ಕಾರ್ಯಾನುಭವವೆಂಬ ಹೆಸರಿನಿಂದ ಅದನ್ನೇ ಮತ್ತೊಂದು ಬಗೆಯಾಗಿ ಹೇಳಿತು. 2020 ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಬಡಗಿಕೆಲಸ, ಕುಂಬಾರಿಕೆಗಳೊಡನೆ ತೋಟದ ಕೆಲಸವನ್ನೂ ಸೂಚಿಸಿತು. ಬಾಗಿಲನ್ನು ಮೂರು ಸಲ ತೆರೆದುದಾಯಿತು. ಒಳಗೆ ಬಂದವರೆಷ್ಟು, ಬಂದು ನಿಂತವರೆಷ್ಟು ಎಂದು ಯಾರಾದರೂ ಕೇಳಿದರೆ ಮಾತ್ರ ಉಪಾಧ್ಯಾಯರಾದ ನಾವು ತಲೆ ತಗ್ಗಿಸಬೇಕಾಗುತ್ತದೆ.

ಇದಕ್ಕೆ ಹುಡುಗರ ಮೈಗಳ್ಳತನವೇ ಕಾರಣವೆಂದು ನಾನೂ ಬಹುಕಾಲ ನಂಬಿದ್ದೆನು. ನಾನು ಸಂಸ್ಕೃತಪಾಠ ಹೇಳುತ್ತಿದ್ದ ಹಳ್ಳಿಯ ಪ್ರೌಢಶಾಲೆಯ ಹಿಂದೆ ಒಂದು ಕೈತೋಟವಿದ್ದಿತು. ರಾಮಶಬ್ದವನ್ನು ಒಪ್ಪಿಸಲಾರದ ಹುಡುಗನನ್ನು ಅಲ್ಲಿಗೆ ಅಟ್ಟಿ, ಹತ್ತು ಕೊಡ ನೀರು ಹೊಯ್ದು ಬಾ ಎಂದು ಅಪ್ಪಣೆ ಮಾಡುತ್ತಿದ್ದೆನು. ಸರಿಯಾಗಿ ಹೇಳಿದವನಿಗೆ ಬೆಂಚು, ತಪ್ಪಿದವನಿಗೆ ತೋಟ. ಹೀಗೆ ವರ್ಷಗಟ್ಟಲೆ ನಡೆಸಿದ ನಾನೇ, 2009 ರಲ್ಲಿ ಮುಖ್ಯೋಪಾಧ್ಯಾಯರು ವ್ಯವಸಾಯದ ಒಂದು ಐಚ್ಛಿಕ ತರಗತಿಯನ್ನು ನನಗೆ ವಹಿಸಿದಾಗ, ಅದೇ ತೋಟದಲ್ಲಿ ನಿಂತು ಭೂಮಾತೆಯ ಮಹಿಮೆಯನ್ನು ಕುರಿತು ಮುಕ್ಕಾಲು ಗಂಟೆ ಉಪನ್ಯಾಸ ಮಾಡಿದೆನು! ಸರ್ವಜ್ಞನೂ ಬಂದನು, ಕೃಷಿಪರಾಶರವೂ ಬಂದಿತು. ಇಪ್ಪತ್ತೆರಡು ಮಕ್ಕಳು ಹೆಸರು ಕೊಟ್ಟರು. ದೀಪಾವಳಿಯ ವೇಳೆಗೆ ಏಳು ಮಂದಿ ಉಳಿದಿದ್ದರು.

ಆ ಏಳರಲ್ಲಿ ಒಬ್ಬ ಹುಡುಗಿಯು ಒಂದು ದಿನ ನನ್ನನ್ನು ತಡೆದು, "ಸಾರ್, ನಾನು ಹಾಕಿದ ಬೆಂಡೇಕಾಯಿ ಯಾರ ಮನೆಗೆ ಹೋಯ್ತು?" ಎಂದಳು. ನನಗೆ ಉತ್ತರ ತಿಳಿದಿದ್ದಿತು. ಹಿಂದಿನ ಸಂಜೆ ನಮ್ಮ ಮನೆಯ ಸಾರಿನಲ್ಲಿಯೇ ಅದು ಬೆಂದಿದ್ದಿತು. ತೋಟದ ಸೊಪ್ಪು ತರಕಾರಿಯನ್ನು ಉಪಾಧ್ಯಾಯರು ಹಂಚಿಕೊಳ್ಳುವುದು ಅಲ್ಲಿಯ ವಾಡಿಕೆ. ಅದರಲ್ಲಿ ದೋಷವಿದೆಯೆಂದು ಅಂದಿನವರೆಗೆ ನನಗೆ ಹೊಳೆದಿರಲಿಲ್ಲ. ಬಿಟ್ಟುಹೋದ ಹದಿನೈದು ಮಂದಿ ಏಕೆ ಹೋದರೆಂಬುದು ಆಗ ತಿಳಿಯಿತು.

ಈ ತೊಡಕನ್ನು ನಮಗಿಂತ ಮೊದಲು ಬಿಡಿಸಲೆತ್ನಿಸಿದವರು ಅಮೆರಿಕದವರು. 1908 ರಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ನಾರ್ಥ್ಯಾಂಪ್ಟನ್ ಎಂಬಲ್ಲಿಯ ವ್ಯವಸಾಯ ಶಾಲೆಗೆ ಮುಖ್ಯಸ್ಥನಾಗಿ ಬಂದ ರೂಫಸ್ ಸ್ಟಿಮ್ಸನ್ ಎಂಬ ಶಿಕ್ಷಕನು, ವಿದ್ಯಾರ್ಥಿಯು ತನ್ನ ಮನೆಯ ಹೊಲದಲ್ಲಿಯೇ ಒಂದು ತುಂಡು ನೆಲವನ್ನೋ ಕೆಲವು ಕೋಳಿಗಳನ್ನೋ ತನ್ನ ಹೊಣೆಯೆಂದು ವಹಿಸಿಕೊಂಡು, ಖರ್ಚುವೆಚ್ಚಗಳ ಲೆಕ್ಕವನ್ನು ಬರೆದಿಡಬೇಕೆಂದೂ, ಉಪಾಧ್ಯಾಯನು ಅಲ್ಲಿಗೇ ಹೋಗಿ ನೋಡಬೇಕೆಂದೂ ಏರ್ಪಡಿಸಿದನು. ಸುಮಾರು ಅದೇ ಕಾಲದಲ್ಲಿ ಆ ದೇಶದ ದಕ್ಷಿಣಭಾಗದಲ್ಲಿ ಹುಡುಗರ ಮುಸುಕಿನ ಜೋಳದ ಸಂಘಗಳು ಹುಟ್ಟಿದ್ದವು. ಪ್ರತಿಯೊಬ್ಬನ ಪಾಲಿಗೂ ಒಂದೊಂದು ಎಕರೆ. ದಕ್ಷಿಣ ಕೆರೊಲಿನಾದ ಜೆರ್ರಿ ಮೂರ್ ಎಂಬ ಹುಡುಗನು 1910 ರಲ್ಲಿ ಒಂದು ಎಕರೆಯಲ್ಲಿ 228 ಬುಷೆಲ್‌ಗಳಿಗೂ ಮಿಕ್ಕು, ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 58 ಕ್ವಿಂಟಾಲು ಜೋಳವನ್ನು ಬೆಳೆದು ದೇಶವನ್ನೇ ಬೆರಗುಗೊಳಿಸಿದನು. ಸರಕಾರದವರ ಬುದ್ಧಿವಾದಕ್ಕೆ ಕಿವಿಗೊಡದ ಎಷ್ಟೋ ತಂದೆಗಳು ಮಕ್ಕಳ ಎಕರೆಯನ್ನು ನೋಡಿ ತಮ್ಮ ಬಿತ್ತನೆಯ ಕ್ರಮವನ್ನು ಬದಲಾಯಿಸಿಕೊಂಡರು. 1917 ರ ಸ್ಮಿತ್-ಹ್ಯೂಸ್ ಶಾಸನವು ಈ ಅನುಭವಕ್ಕೆ ಕಾನೂನಿನ ಬಲವನ್ನಿತ್ತು, ವ್ಯವಸಾಯವನ್ನು ಓದುವ ವಿದ್ಯಾರ್ಥಿಯು ವರ್ಷಕ್ಕೆ ಆರು ತಿಂಗಳಾದರೂ ಹೊಲದಲ್ಲಿ ಅಭ್ಯಾಸ ಮಾಡತಕ್ಕದ್ದೆಂದು ವಿಧಿಸಿತು.

ಮಕ್ಕಳನ್ನು ಕರೆತರುವ ಉಪಾಯ ಇದಾಯಿತು. ನಿಲ್ಲಿಸಿಕೊಳ್ಳಲು ಅವರಿಗೆ ಮತ್ತೊಂದು ಬೇಕಾಯಿತು. ಹಳ್ಳಿಯ ಹುಡುಗನು ಪಟ್ಟಣದ ಹುಡುಗರ ನಡುವೆ ನಾಚಿ ಮುದುಡುವುದು ಅಲ್ಲಿಯೂ ಉಂಟು. 1928 ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಭಾವೀ ರೈತರ ಸಂಘವು ಸ್ಥಾಪಿತವಾಯಿತು. 1933 ರಲ್ಲಿ ಅದರವರು ಗೀರುಗೀರಾದ ನೀಲಿ ದಪ್ಪಬಟ್ಟೆಯ ಅಂಗಿಯೊಂದನ್ನು ಸಮವಸ್ತ್ರವಾಗಿ ಅಂಗೀಕರಿಸಿದರು. ಅದರ ಮೇಲೆ ವಿದ್ಯಾರ್ಥಿಯ ಹೆಸರನ್ನು ಹೊಂಬಣ್ಣದ ದಾರದಿಂದ ಕಸೂತಿ ಹಾಕಿರುತ್ತಾರೆ. ಮೊದಲನೆಯ ಮೆಟ್ಟಿಲಿನವನಿಗೆ 'ಹಸುರುಗೈಯವನು' ಎಂಬರ್ಥದ ಪದವಿ. ಮುಂದೆ ಶಾಲೆಯದು, ಪ್ರಾಂತದ್ದು, ದೇಶದ್ದು ಎಂದು ಮೇಲಮೇಲಕ್ಕೆ. ಹೊಸಬರನ್ನು ಕರೆಯುವ ಕೆಲಸವನ್ನು ಎಷ್ಟೋ ಶಾಲೆಗಳಲ್ಲಿ ಹಿರಿಯ ವಿದ್ಯಾರ್ಥಿಗಳಿಗೇ ಬಿಟ್ಟಿರುತ್ತಾರೆ. ಉಪಾಧ್ಯಾಯನ ಮಾತಿಗಿಂತ ಹದಿನಾರರ ಹುಡುಗನ ಅಂಗಿಯೇ ಹದಿಮೂರರವನನ್ನು ಬೇಗ ಸೆಳೆಯುವುದೆಂದು ಬೇರೆ ಹೇಳಬೇಕಾಗಿಲ್ಲ. 2023-24 ರಲ್ಲಿ ಈ ಸಂಘದ ಸದಸ್ಯರ ಸಂಖ್ಯೆಯು ಹತ್ತು ಲಕ್ಷವನ್ನು ಮೀರಿದ್ದಿತು. ಆದರೆ ಹೆಣ್ಣುಮಕ್ಕಳನ್ನು ಅವರು ಸೇರಿಸಿಕೊಂಡುದು 1969 ರಲ್ಲಿ. ನಲವತ್ತು ವರ್ಷ ತಡವಾಗಿ.

ಅವರನ್ನು ಹಳಿಯುವ ಅಧಿಕಾರ ನಮಗಿಲ್ಲ. ನಮ್ಮ ಸೀಮೆಯಲ್ಲಿ ನಾಟಿ, ಕಳೆ, ಬೀಜವನ್ನು ಆರಿಸಿ ಬೂದಿಯಲ್ಲಿ ಬೆರಸಿ ಇಡುವುದು ಬಹುಮಟ್ಟಿಗೆ ಹೆಂಗಸರ ಕೆಲಸ. ಪಹಣಿಯಲ್ಲಿ ಹೆಸರು ಗಂಡಸಿನದು. ನಾನು ಹೆಸರು ಬರೆದುಕೊಂಡಾಗಲೂ ಮೊದಲು ಗಂಡುಹುಡುಗರ ಕಡೆಗೇ ತಿರುಗಿದ್ದೆನು.

ಒಂದು ವಿಷಯದಲ್ಲಿ ಮಾತ್ರ ದೈವವು ನಮಗೆ ಅನುಕೂಲವಾಗಿದೆ. ಅಮೆರಿಕದಲ್ಲಿ ಪೈರು ಹೊಲದಲ್ಲಿರುವ ಬೇಸಗೆಯಲ್ಲಿ ಶಾಲೆಗೆ ರಜೆ. ಅದಕ್ಕಾಗಿ ಉಪಾಧ್ಯಾಯನು ರಜೆಯಲ್ಲಿಯೂ ಮನೆಮನೆಗೆ ಅಲೆಯಬೇಕು. ನಮ್ಮಲ್ಲಿ ಶಾಲೆ ತೆರೆಯುವುದೂ ಮುಂಗಾರು ಬೀಳುವುದೂ ಒಂದೇ ಕಾಲ. ಪುಸ್ತಕದ ಮೊದಲ ಪಾಠದೊಡನೆ ಬೀಜವನ್ನೂ ಹಾಕಬಹುದು. ದಸರೆಯ ರಜೆಯೊಂದನ್ನು ದಾಟಿಸಿದರೆ ಸಾಕು.

ಹೀಗೆ ಮರುವರ್ಷದ ಜೂನ್ ತಿಂಗಳಲ್ಲಿ ತೋಟವನ್ನು ಮಡಿಮಡಿಯಾಗಿ ಒಡೆದು, ಒಂದೊಂದಕ್ಕೂ ಒಬ್ಬೊಬ್ಬರ ಹೆಸರಿನ ಹಲಗೆಯನ್ನು ನೆಟ್ಟೆವು. ಬೆಳೆದುದರಲ್ಲಿ ಅರ್ಧ ಬಿಸಿಯೂಟಕ್ಕೆ, ಅರ್ಧ ಬೆಳೆದವರಿಗೆ. ಉಪಾಧ್ಯಾಯರ ಮನೆಗೆ ಒಂದು ಮೆಣಸಿನಕಾಯಿಯೂ ಇಲ್ಲ. ಇದರಿಂದ ಕೆಲವರು ಸಹೋದ್ಯೋಗಿಗಳು ನನ್ನೊಡನೆ ಕೆಲಕಾಲ ಮಾತು ಕಡಮೆ ಮಾಡಿದರು. ತೋಟದಲ್ಲಿ ನೀರು ಹೊಯ್ಯುವ ಶಿಕ್ಷೆಯನ್ನು ನಾನು ನಿಲ್ಲಿಸಿದೆನು.

ಆದರೆ ಹುಡುಗರಿಗಿಂತ ಹಿರಿಯರನ್ನು ಒಪ್ಪಿಸುವುದು ಕಷ್ಟವಾಯಿತು. ಒಬ್ಬ ರೈತನು ನೇರವಾಗಿ ತರಗತಿಗೇ ಬಂದು, "ಮಣ್ಣು ಹೊರೋದಾದ್ರೆ ನಮ್ಮನೇಲೇ ಇತ್ತಲ್ಲ ಸ್ವಾಮಿ. ಅದು ಬ್ಯಾಡ ಅಂತಲೇ ಇಸ್ಕೂಲಿಗೆ ಕಳ್ಸಿದ್ದು" ಎಂದನು. ಎರಡು ಕೊಳವೆಬಾವಿ ಕೊರೆಸಿ ನೀರು ಕಾಣದೆ ಸಾಲದಲ್ಲಿದ್ದ ಮನುಷ್ಯ; ಅವನ ಮುಂದೆ ಕೃಷಿಪರಾಶರವನ್ನು ತೆಗೆಯುವಷ್ಟು ಮೂರ್ಖನಾಗಿ ನಾನು ಆಗ ಉಳಿದಿರಲಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ರೈತರ ಮಕ್ಕಳಿಗೆ ಮೀಸಲಾದ ಸ್ಥಾನಗಳುಂಟೆಂದೂ, ಅದಕ್ಕಾಗಿ ಬೀಜ, ಉಪಕರಣಗಳನ್ನು ಗುರುತಿಸುವ ಪ್ರಾಯೋಗಿಕ ಪರೀಕ್ಷೆ ನಡೆಯುವುದೆಂದೂ ಹೇಳಬಹುದಾಗಿದ್ದಿತು. ಎಷ್ಟೋ ಶಾಲೆಗಳು ಹೀಗೆಯೇ ಮಕ್ಕಳನ್ನು ಕರೆಯುವುವು. ಆದರೆ ಪದವಿಯ ಆಸೆಯಿಂದ ಬಂದವನು ಆ ಆಸೆ ಕಮರಿದೊಡನೆ ಎದ್ದು ಹೋಗುತ್ತಾನೆ. ಆದುದರಿಂದ ನಾನು ಅವನ ಮಗನ ಲೆಕ್ಕದ ಪುಸ್ತಕವನ್ನು ಕೈಗೆ ಕೊಟ್ಟೆನು.

ಟೊಮೇಟೊ ಸಸಿಗೆ ಇಷ್ಟು, ಹಟ್ಟಿಗೊಬ್ಬರಕ್ಕೆ ಇಷ್ಟು, ತನ್ನ ದುಡಿಮೆಯ ಗಂಟೆಗಳಿಗೆ ಊರಿನ ಕೂಲಿಯಂತೆ ಇಷ್ಟು; ಮೋಡ ಮುಚ್ಚಿದ ವಾರದಲ್ಲಿ ಅಂಗಮಾರಿ ತಗಲಿ ಒಂದು ಸಾಲು ಹಾಳು. ಕೊನೆಯಲ್ಲಿ ನಷ್ಟ ನಲವತ್ತು ರೂಪಾಯಿ. ರೈತನು ಬಹಳ ಹೊತ್ತು ನೋಡಿದನು. "ಇವನು ಕೂಲೀನೂ ಬರ್ದವ್ನೆ. ನಾನು ಇಪ್ಪತ್ತು ವರ್ಷದಿಂದ ನನ್ನ ಕೂಲಿ ಬರೆದೇ ಇಲ್ಲ" ಎಂದು ಪುಸ್ತಕವನ್ನು ಹಿಂದಕ್ಕೆ ಕೊಟ್ಟು ಹೊರಟನು. ಒಪ್ಪಿಗೆಯೆಂದು ಬಾಯಿಬಿಟ್ಟು ಹೇಳಲಿಲ್ಲ. ಮರುದಿನ ಹುಡುಗನು ಎಂದಿನಂತೆ ಬಂದನು.

ಆ ವರ್ಷ ಹತ್ತೊಂಬತ್ತು ಮಂದಿ ಸೇರಿ, ಪರೀಕ್ಷೆಯ ಕಾಲಕ್ಕೆ ಹದಿನಾರು ಮಂದಿ ಉಳಿದರು. ನಾನು ಉಪನ್ಯಾಸ ಮಾಡಿರಲಿಲ್ಲ. ಬೆಂಡೆಕಾಯಿಯ ಹುಡುಗಿಯು ಹತ್ತನೆಯ ತರಗತಿಯನ್ನು ಮುಗಿಸಿ ಹೋಗುವಾಗ, ಬಲಿತ ಕಾಯಿಗಳ ಬೀಜವನ್ನು ಬಟ್ಟೆಯಲ್ಲಿ ಕಟ್ಟಿ ಕೊಂಡೊಯ್ದಳು. ಮಳೆಗಾಲದಲ್ಲಿ ಶಾಲೆ ತೆರೆದ ದಿನ, ಎಂಟನೆಯ ತರಗತಿಗೆ ಹೊಸದಾಗಿ ಸೇರಿದ ಅವಳ ತಂಗಿಯು ಆ ಗಂಟನ್ನು ನನ್ನ ಮೇಜಿನ ಮೇಲಿಟ್ಟು, "ಸಾರ್, ಅಕ್ಕನ ಮಡಿ ನನಗೇ ಕೊಡ್ತೀರಾ?" ಎಂದು ಕೇಳಿದಳು.